ವಯಸ್ಕ ಕನ್ನಡಿಗರ ಫ್ರೆಂಚ್ ಕಲಿಕೆ: ತಾಯ್ನುಡಿಯ ನೆರವು ಮತ್ತು ತೊಡಕು

ಹೊರನಾಡ ಕನ್ನಡಿಗರು ಬಹುಭಾಷಿಕರು ಎಂಬುದು ಹೊಸದಾಗಿ ಹೇಳಬೇಕಾದ ಮಾತಲ್ಲ. ಮುಂಬಯಿಯ ಕನ್ನಡಿಗನೊಬ್ಬ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾನೆ. ನೆರೆಯವರೊಡನೆ ಮರಾಠಿ, ಪೇಟೆಯಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್ ಬಳಸುತ್ತಾನೆ. ಇವುಗಳಲ್ಲಿ ಇಂಗ್ಲಿಷನ್ನು ಬಿಟ್ಟರೆ ಉಳಿದವನ್ನು ಅವನು ಪಠ್ಯಪುಸ್ತಕದಿಂದ ಕಲಿತವನಲ್ಲ. ಆದರೆ ಇದೇ ವ್ಯಕ್ತಿ ಮೂವತ್ತೈದು ನಲವತ್ತರ ವಯಸ್ಸಿನಲ್ಲಿ, ಉದ್ಯೋಗದ ಅಗತ್ಯಕ್ಕೋ ಸಾಹಿತ್ಯದ ಆಸಕ್ತಿಗೋ ಫ್ರೆಂಚ್ ತರಗತಿಗೆ ಸೇರಿದಾಗ, ತನ್ನ ಭಾಷಾಸಂಪತ್ತನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಇಂಗ್ಲಿಷೊಂದನ್ನೇ ಕೈಯಲ್ಲಿ ಹಿಡಿದು ಒಳಗೆ ಹೋಗುತ್ತಾನೆ. ವ್ಯಾಕರಣದ ವಿವರಣೆ ಇಂಗ್ಲಿಷಿನಲ್ಲಿ, ಶಬ್ದಕೋಶ ಇಂಗ್ಲಿಷಿನದು, ಮನಸ್ಸಿನಲ್ಲಿ ನಡೆಯುವ ಅನುವಾದವೂ ಇಂಗ್ಲಿಷಿನಿಂದಲೇ. ಈ ಬಳಸುದಾರಿಯಿಂದ ಆಗುವ ನಷ್ಟವೆಷ್ಟು, ಕನ್ನಡದಿಂದ ನೇರವಾಗಿ ನಡೆದರೆ ಸಿಗುವ ಲಾಭವೇನು, ಕನ್ನಡವೇ ಅಡ್ಡಬರುವ ಎಡೆಗಳು ಯಾವುವು ಎಂಬ ಪ್ರಶ್ನೆಗಳು ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೂ ಕಲಿಯುವವರಿಗೂ ಸಮಾನವಾಗಿ ಮುಖ್ಯವಾದವು.

ಮೊದಲಿಗೆ ಉಚ್ಚಾರಣೆ. ‘ಮೇಜು’ ಎಂಬ ಅರ್ಥದ ಶಬ್ದ ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಒಂದೇ ಬಗೆಯಾಗಿ ಬರೆಯಲ್ಪಡುತ್ತದೆ. ಕನ್ನಡಿಗನು ಇಂಗ್ಲಿಷಿನದನ್ನು ‘ಟೇಬಲ್’ ಎಂದು ಮೂರ್ಧನ್ಯದಿಂದ ಉಚ್ಚರಿಸುತ್ತಾನೆ. ಫ್ರೆಂಚಿನದು ‘ತಾಬ್ಲ್’; ಅಲ್ಲಿರುವುದು ಶುದ್ಧ ದಂತ್ಯವಾದ ತಕಾರ. ಫ್ರೆಂಚರ ತ, ದ, ನ, ಲಗಳು ಕನ್ನಡದ ದಂತ್ಯಗಳಿಗೆ ಬಹು ಸಮೀಪವಾಗಿವೆ. ಇಂಗ್ಲಿಷಿನಲ್ಲಿ ಪದಾದಿಯ ಪ, ಕಗಳು ತುಸು ಮಹಾಪ್ರಾಣದ ಛಾಯೆ ಪಡೆದರೆ ಫ್ರೆಂಚಿನಲ್ಲಿ ಅವು ಕನ್ನಡದಂತೆ ಅಲ್ಪಪ್ರಾಣವಾಗಿಯೇ ಉಳಿಯುತ್ತವೆ. ಇಂಗ್ಲಿಷರು ವರ್ಷಗಟ್ಟಲೆ ಸಾಧನೆ ಮಾಡಿ ಪಡೆಯಬೇಕಾದ ಈ ಧ್ವನಿಗಳು ಕನ್ನಡಿಗನ ನಾಲಗೆಯ ಮೇಲೆ ಹುಟ್ಟಿನಿಂದಲೇ ಇವೆ. ಆದರೂ ಅವನು ‘ತೂ’ ಎನ್ನಬೇಕಾದಲ್ಲಿ ‘ಟೂ’ ಎನ್ನುತ್ತಾನೆ. ಕಾರಣ, ರೋಮನ್ ಲಿಪಿಯ ಆ ಅಕ್ಷರವನ್ನು ಕಂಡೊಡನೆ ಶಾಲೆಯಲ್ಲಿ ಕಲಿತ ಟಕಾರ ಎದ್ದುಬರುತ್ತದೆ. ಇಲ್ಲಿ ತಪ್ಪು ನಾಲಗೆಯದಲ್ಲ, ಕಣ್ಣಿನದು.

ಕನ್ನಡದಲ್ಲಿ ಇಲ್ಲದ ಧ್ವನಿಗಳೂ ಇವೆಯೆಂಬುದು ನಿಜ. ನಾಲಗೆಯನ್ನು ‘ಈ’ಕಾರದ ಸ್ಥಾನದಲ್ಲಿಟ್ಟು ತುಟಿಗಳನ್ನು ‘ಊ’ಕಾರಕ್ಕೆಂಬಂತೆ ದುಂಡಾಗಿಸಿ ಹೊರಡಿಸುವ ಸ್ವರ ಕನ್ನಡಕ್ಕೆ ಅಪರಿಚಿತ. ಕನ್ನಡ ಲಿಪಿಯಲ್ಲಿ ಅದನ್ನು ‘ಯೂ’ ಎಂದು ಸೂಚಿಸಬಹುದಾದರೂ ಅದು ಸಮೀಪದ ಗುರುತು ಮಾತ್ರ. ಕಿರುನಾಲಗೆಯ ಬಳಿ ಹುಟ್ಟುವ ರಕಾರವೂ ಹಾಗೆಯೇ. ಅನುನಾಸಿಕ ಸ್ವರಗಳಲ್ಲಿ ಕನ್ನಡಿಗನು ಅನುಸ್ವಾರದ ಅಭ್ಯಾಸಬಲದಿಂದ ಕೊನೆಗೊಂದು ಮಕಾರವನ್ನೋ ಙಕಾರವನ್ನೋ ಸೇರಿಸಿಬಿಡುತ್ತಾನೆ. ಫ್ರೆಂಚಿನಲ್ಲಿ ಸ್ವರವೇ ಮೂಗಿನಿಂದ ಹೊರಡುತ್ತದೆ, ಹಿಂದೆ ವ್ಯಂಜನ ಬರುವುದಿಲ್ಲ. ‘ದ್ರಾಕ್ಷಾರಸ’ಕ್ಕೆ ‘ವ್ಯಾಂ’, ‘ಗಾಳಿ’ಗೆ ‘ವಾಂ’, ‘ಹೋಗುತ್ತಾರೆ’ ಎಂಬುದಕ್ಕೆ ‘ವೋಂ’. ಈ ಮೂರರ ವ್ಯತ್ಯಾಸ ಇರುವುದು ಆ ಮೂಗುಸ್ವರದಲ್ಲೇ. ಹಿಂದಿ ಬಲ್ಲ ಹೊರನಾಡಿನವರಿಗೆ ಇಂಥ ಸ್ವರದ ಪರಿಚಯ ಮೊದಲೇ ಇರುವುದರಿಂದ ಇದು ಅಷ್ಟು ಕಷ್ಟವಾಗಲಾರದು.

ಬರಹಕ್ಕೂ ಉಚ್ಚಾರಣೆಗೂ ಇರುವ ಅಂತರ ಕನ್ನಡಿಗನನ್ನು ಹೆಚ್ಚು ಕಾಡುತ್ತದೆ. ‘ಅವನು ಮಾತಾಡುತ್ತಾನೆ’, ‘ಅವರು ಮಾತಾಡುತ್ತಾರೆ’ ಎಂಬೆರಡೂ ಫ್ರೆಂಚಿನಲ್ಲಿ ಕಿವಿಗೆ ‘ಈಲ್ ಪಾರ್ಲ್’ ಎಂದೇ ಕೇಳುತ್ತವೆ. ಬರವಣಿಗೆಯಲ್ಲಿ ಮಾತ್ರ ಬಹುವಚನದ ಗುರುತುಗಳು ಮೂಕವಾಗಿ ನಿಂತಿರುತ್ತವೆ. 1990ರಲ್ಲಿ ಕಾಗುಣಿತದ ಕೆಲವು ತಿದ್ದುಪಡಿಗಳು ಅಧಿಕೃತವಾಗಿ ಪ್ರಕಟವಾದವು. ಅವು ಹಳೆಯ ರೂಪಗಳನ್ನು ತಪ್ಪೆಂದು ಸಾರಲಿಲ್ಲ. ಮೂಕಾಕ್ಷರಗಳ ಈ ವ್ಯವಸ್ಥೆಯನ್ನಂತೂ ಮುಟ್ಟಲೇ ಇಲ್ಲ.

ಆದರೆ ಈ ಮೂಕಾಕ್ಷರಗಳು ಕೆಲವೆಡೆ ಬಾಯಿಬಿಡುತ್ತವೆ. ಕನ್ನಡ ವ್ಯಾಕರಣ ಬಲ್ಲವನಿಗೆ ಇದು ತನ್ನ ಮನೆಯ ಸಂಗತಿಯೇ. ‘ಲೆ’ ಎಂಬ ಉಪಪದದ ಮುಂದೆ ‘ಆಮಿ’ (ಗೆಳೆಯ) ಬಂದರೆ ಪೂರ್ವಸ್ವರ ಬಿದ್ದು ‘ಲಾಮಿ’ ಆಗುತ್ತದೆ; ಊರು + ಅಲ್ಲಿ = ಊರಲ್ಲಿ ಎಂಬಂತೆ ಇದು ಲೋಪಸಂಧಿಯಲ್ಲದೆ ಬೇರೇನಲ್ಲ. ಬಹುವಚನದ ‘ಲೇ’ ಬಂದಾಗ ‘ಲೇಜ಼ಾಮಿ’. ಇಲ್ಲಿ ನಡುವೆ ಕೇಳುವ ಜ಼ಕಾರ ಬರವಣಿಗೆಯಲ್ಲಿ ಮೊದಲೇ ಇದ್ದ ಮೂಕಾಕ್ಷರವಾದ್ದರಿಂದ ಇದನ್ನು ಆಗಮವೆಂದು ಕರೆಯುವುದು ಪೂರ್ಣ ಸರಿಯಲ್ಲ. ಆದರೆ ‘ಅವನ ಬಳಿ ಇದೆಯೇ?’ ಎಂಬರ್ಥದ ‘ಆ-ತ್-ಈಲ್’ ಎಂಬಲ್ಲಿ ಎರಡು ಸ್ವರಗಳ ನಡುವೆ ಬಂದು ಕೂರುವ ತಕಾರವನ್ನು, ‘ಮನೆಯನ್ನು’ ಎಂಬಲ್ಲಿನ ಯಕಾರದಂತೆ, ಆಗಮವೆಂದೇ ವಿವರಿಸಬಹುದು. ಕನ್ನಡದಲ್ಲಿ ಪ್ರಕೃತಿಭಾವವಿರುವಂತೆ ಫ್ರೆಂಚಿನಲ್ಲೂ ಸಂಧಿಯಾಗದ ಶಬ್ದಗಳಿವೆ. ‘ವೀರರು’ ಎಂಬರ್ಥದ ‘ಲೇ ಎರೋ’ ಎಂಬಲ್ಲಿ ಸಂಧಿ ಮಾಡಿದರೆ ಅದು ‘ಲೇ ಜ಼ೇರೋ’ ಎಂದಾಗಿ ವೀರರೆಲ್ಲ ಸೊನ್ನೆಗಳಾಗುತ್ತಾರೆ! ವೀರನಾರಿಗೆ ಮಾತ್ರ ಈ ನಿಷೇಧವಿಲ್ಲ. ಅವಳು ಸಂಧಿಯೊಡನೆ ‘ಲೇರೊಯೀನ್’. ಹದಿಮೂರನೆಯ ಶತಮಾನದ ಕೇಶಿರಾಜನ ಸಂಧಿಪ್ರಕರಣವನ್ನು ಓದಿದ ವಿದ್ಯಾರ್ಥಿಗೆ ಇಂಥ ನಿಯಮ ಮತ್ತು ಅಪವಾದಗಳು ವಿಚಿತ್ರವೆನಿಸಬೇಕಿಲ್ಲ.

ಲಿಂಗವ್ಯವಸ್ಥೆಯಲ್ಲಿ ಮಾತ್ರ ಕನ್ನಡ ನೆರವಿಗೆ ಬಾರದು. ಕನ್ನಡದ ಲಿಂಗ ಅರ್ಥವನ್ನು ಅನುಸರಿಸಿದರೆ ಫ್ರೆಂಚಿನ ಲಿಂಗ ಶಬ್ದವನ್ನು ಅನುಸರಿಸುತ್ತದೆ, ಅಲ್ಲಿ ನಪುಂಸಕವಿಲ್ಲ. ಪುಸ್ತಕ ಪುಲ್ಲಿಂಗ, ಮೇಜು ಸ್ತ್ರೀಲಿಂಗ. ಸೂರ್ಯ ಪುಲ್ಲಿಂಗವಾದರೂ ಚಂದ್ರ ‘ಲಾ ಲ್ಯೂನ್’ ಎಂಬ ಸ್ತ್ರೀಲಿಂಗ. ‘ವ್ಯಕ್ತಿ’ ಎಂಬರ್ಥದ ‘ಪೆರ್ಸೊನ್’ ಗಂಡಸನ್ನು ಕುರಿತಾಗಲೂ ಸ್ತ್ರೀಲಿಂಗವೇ. ಮುಂಬಯಿ, ಪುಣೆಯ ಕನ್ನಡಿಗರು ಮರಾಠಿ ಹಿಂದಿಗಳ ಮೂಲಕ ಇಂಥ ವ್ಯವಸ್ಥೆಗೆ ಒಗ್ಗಿಕೊಂಡವರು. ಆದರೆ ಆ ಅಭ್ಯಾಸದಿಂದ ದೊರೆಯುವುದು ಲಿಂಗವನ್ನು ಶಬ್ದದೊಡನೆಯೇ ನೆನಪಿಡಬೇಕೆಂಬ ಎಚ್ಚರವೇ ಹೊರತು ಉತ್ತರವಲ್ಲ. ಪುಸ್ತಕ ಮರಾಠಿಯಲ್ಲಿ ನಪುಂಸಕ, ಹಿಂದಿಯ ‘ಕಿತಾಬ್’ ಸ್ತ್ರೀಲಿಂಗ, ಫ್ರೆಂಚಿನ ‘ಲೀವ್ರ್’ ಪುಲ್ಲಿಂಗ. ಆದುದರಿಂದ ಮೊದಲ ದಿನದಿಂದಲೇ ‘ತಾಬ್ಲ್’ ಎಂದು ಬಿಡಿಯಾಗಿ ಕಲಿಯದೆ ‘ಲಾ ತಾಬ್ಲ್’ ಎಂದು ಜೋಡಿಯಾಗಿ ಕಲಿಯುವುದೊಂದೇ ದಾರಿ.

ಸಂಬೋಧನೆಯ ವಿಷಯದಲ್ಲಿ ನೆರವೂ ತೊಡಕೂ ಬೆರೆತಿವೆ. ‘ನೀನು’, ‘ನೀವು’ಗಳ ಭೇದ ‘ತ್ಯೂ’, ‘ವೂ’ಗಳಲ್ಲಿ ಹಾಗೆಯೇ ಇದೆ; ಇಂಗ್ಲಿಷರಿಗೆ ವಿವರಿಸಿ ಹೇಳಬೇಕಾದದ್ದು ಕನ್ನಡಿಗನಿಗೆ ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಆದರೆ ಕನ್ನಡದ ಗೌರವ ಪ್ರಥಮಪುರುಷಕ್ಕೂ ಹಬ್ಬಿದೆ. ‘ಗುರುಗಳು ಬಂದರು’ ಎನ್ನುವ ಅಭ್ಯಾಸದಿಂದ ಕಲಿಯುವವನು ಒಬ್ಬ ಅಧ್ಯಾಪಕರನ್ನು ಕುರಿತು ಬಹುವಚನ ಪ್ರಯೋಗಿಸಿದರೆ, ಕೇಳುವ ಫ್ರೆಂಚ್ ವ್ಯಕ್ತಿ ಹಲವು ಜನ ಬಂದರೆಂದು ತಿಳಿಯುತ್ತಾನೆ. ಎದುರಿಗಿಲ್ಲದ ಹಿರಿಯರನ್ನು ‘ಅವನು’ ಎಂಬುದಕ್ಕೆ ಸಮನಾದ ‘ಈಲ್’ ಎಂದು ಕರೆಯಲು ಕನ್ನಡಿಗನ ಮನಸ್ಸು ಕೆಲಕಾಲ ಹಿಂಜರಿಯುವುದು ಸಹಜ.

ವಾಕ್ಯರಚನೆಗೆ ಬಂದರೆ ಬಳಸುದಾರಿಯ ನಷ್ಟ ಸ್ಪಷ್ಟವಾಗುತ್ತದೆ. ‘ನನಗೆ ಹಸಿವಾಗಿದೆ’ ಎಂಬಲ್ಲಿ ಹಸಿವು ನಾಮಪದ. ಫ್ರೆಂಚರು ‘ಝೇ ಫ್ಯಾಂ’, ಎಂದರೆ ‘ನಾನು ಹಸಿವನ್ನು ಹೊಂದಿದ್ದೇನೆ’ ಎನ್ನುತ್ತಾರೆ. ಅಲ್ಲಿಯೂ ಹಸಿವು ನಾಮಪದವೇ. ಇಂಗ್ಲಿಷಿನಲ್ಲಿ ಮಾತ್ರ ಅದು ವಿಶೇಷಣ. ಇಂಗ್ಲಿಷಿನಿಂದ ಅನುವಾದಿಸುವ ಕನ್ನಡಿಗನು ‘ಝೆ ಸ್ವೀ ಫ್ಯಾಂ’ ಎಂದು ‘ನಾನೇ ಹಸಿವು’ ಎಂಬರ್ಥದ ವಾಕ್ಯವನ್ನು ಕಟ್ಟುತ್ತಾನೆ. ತನ್ನ ತಾಯ್ನುಡಿಯನ್ನು ನೆನೆದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ‘ಬೇಕು’ ಎಂಬ ಕನ್ನಡ ಕ್ರಿಯಾರೂಪಕ್ಕೆ ಕರ್ತೃವಿನ ಲಿಂಗವಚನಗಳು ಅಂಟುವುದಿಲ್ಲ. ಬೇಕಾದವನು ಚತುರ್ಥಿಯಲ್ಲಿ ನಿಲ್ಲುತ್ತಾನೆ. ಫ್ರೆಂಚಿನ ‘ಈಲ್ ಫೋ’ ಎಂಬುದೂ ಇಂಥದೇ ಏಕರೂಪಿ. ‘ಈಲ್ ಮೆ ಫೋ ದ್ಯೂ ತಾಂ’ ಎಂದರೆ ‘ನನಗೆ ಸಮಯ ಬೇಕು’. ಇಲ್ಲಿನ ‘ಮೆ’ ಕನ್ನಡದ ‘ನನಗೆ’ಯೇ. ಇಂಗ್ಲಿಷಿನ ದಾರಿ ಹಿಡಿದವನು ಈ ಸಾಮ್ಯವನ್ನು ಕಾಣದೆಯೇ ಮುಂದೆ ಹೋಗುತ್ತಾನೆ.

ಇನ್ನೊಂದು ಕುತೂಹಲದ ಸಂಗತಿಯಿದೆ. ಫ್ರೆಂಚಿನಲ್ಲಿ ಕರ್ಮಪದ ಕ್ರಿಯಾಪದದ ಬಳಿಕ ಬರುತ್ತದೆಂದು ಮೊದಲ ಪಾಠದಲ್ಲಿ ಹೇಳಲಾಗುತ್ತದೆ. ಆದರೆ ಕರ್ಮವು ಸರ್ವನಾಮವಾದೊಡನೆ ಅದು ಕ್ರಿಯಾಪದದ ಮುಂದಕ್ಕೆ ಜಿಗಿಯುತ್ತದೆ. ‘ಝೆ ಲೆ ಲ್ವೀ ದೊನ್’ ಎಂಬುದನ್ನು ಪದಕ್ಕೆ ಪದವಿಟ್ಟರೆ ‘ನಾನು ಅದನ್ನು ಅವನಿಗೆ ಕೊಡುತ್ತೇನೆ’. ‘ಈಲ್ ಮೆ ಲೆ ದೊನ್’ ಎಂಬುದು ‘ಅವನು ನನಗೆ ಅದನ್ನು ಕೊಡುತ್ತಾನೆ’. ಎರಡೂ ಅಚ್ಚಕನ್ನಡದ ಪದಕ್ರಮ! ಆರಂಭದ ಹಂತ ದಾಟುವ ವಿದ್ಯಾರ್ಥಿಗಳನ್ನು ಅತಿಯಾಗಿ ಕಾಡುವ ಪಾಠಗಳಲ್ಲಿ ಇದೊಂದು. ಕನ್ನಡಿಗನಿಗೆ ಇದು ಬಿಡುವಿನ ಪಾಠವಾಗಬೇಕಿತ್ತು.

ಭೂತಕಾಲದಲ್ಲಿಯೂ ಹೀಗೆ. ಮುಗಿದ ಕ್ರಿಯೆಗೊಂದು ರೂಪ, ನಡೆಯುತ್ತಿದ್ದ ಕ್ರಿಯೆಗೂ ಇದ್ದ ಸ್ಥಿತಿಗೂ ಇನ್ನೊಂದು ರೂಪ ಫ್ರೆಂಚಿನಲ್ಲಿವೆ. ‘ಮಳೆ ಬರುತ್ತಿತ್ತು, ಅವಳು ಹೊರಟಳು’ ಎಂಬ ಕನ್ನಡ ವಾಕ್ಯದ ಎರಡು ಕ್ರಿಯಾಪದಗಳನ್ನು ಗಮನಿಸಿದರೆ ಈ ಭೇದದ ತಿರುಳು ಸಿಕ್ಕಿತು. ‘ಹೋಗಿದ್ದಾಳೆ’ ಎಂಬಲ್ಲಿ ‘ಇರು’ ಸಹಾಯಕ ಕ್ರಿಯೆಯಾಗಿರುವಂತೆ, ಹೋಗುವಿಕೆ, ಬರುವಿಕೆ, ಹುಟ್ಟು, ಸಾವು ಮೊದಲಾದ ಕೆಲವೇ ಧಾತುಗಳೊಡನೆ ಮತ್ತು ಆತ್ಮಾರ್ಥಕ ಕ್ರಿಯೆಗಳೊಡನೆ ಫ್ರೆಂಚಿನಲ್ಲೂ ‘ಇರು’ ಎಂಬರ್ಥದ ಧಾತುವೇ ಬರುತ್ತದೆ. ಉಳಿದೆಡೆ ‘ಹೊಂದು’ ಎಂಬರ್ಥದ ಧಾತು. ಕನ್ನಡಿಗನು ಹೊಸದಾಗಿ ಕಲಿಯಬೇಕಾದದ್ದು ಈ ಎರಡನೆಯದನ್ನು.

ಅಂಕೆಗಳ ಬಗೆಗೆ ಹೆಚ್ಚು ಹೇಳಬೇಕಿಲ್ಲ. ಎಪ್ಪತ್ತಕ್ಕೆ ‘ಅರವತ್ತು-ಹತ್ತು’, ಎಂಬತ್ತಕ್ಕೆ ‘ನಾಲ್ಕು-ಇಪ್ಪತ್ತು’, ತೊಂಬತ್ತೊಂಬತ್ತಕ್ಕೆ ‘ನಾಲ್ಕು-ಇಪ್ಪತ್ತು-ಹತ್ತು-ಒಂಬತ್ತು’. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಷಿಕರು ಎಪ್ಪತ್ತಕ್ಕೆ ‘ಸೆಪ್ತಾಂತ್’, ತೊಂಬತ್ತಕ್ಕೆ ‘ನೊನಾಂತ್’ ಎಂಬ ನೇರ ಶಬ್ದಗಳನ್ನು ಉಳಿಸಿಕೊಂಡಿದ್ದಾರೆ. ಪ್ಯಾರಿಸ್ಸಿನ ಅಂಗಡಿಯಲ್ಲಿ ಚಿಲ್ಲರೆ ಎಣಿಸುವ ಪರದೇಶಿಯು ಅವರನ್ನು ಕೃತಜ್ಞತೆಯಿಂದ ನೆನೆದರೆ ಆಶ್ಚರ್ಯವಿಲ್ಲ.

ಕಲಿಕೆಯ ಮಟ್ಟಗಳನ್ನು ಇಂದು 2001ರಲ್ಲಿ ಪ್ರಕಟವಾದ ಯೂರೋಪಿನ ಸಾಮಾನ್ಯ ಚೌಕಟ್ಟಿನ ಪ್ರಕಾರ ಆರಾಗಿ ವಿಂಗಡಿಸಲಾಗುತ್ತದೆ. ಇವುಗಳಲ್ಲಿ ಮೂರನೆಯದಾದ ‘ಬಿ1’ನ್ನು ಮಧ್ಯಮ ಹಂತದ ಹೊಸ್ತಿಲೆನ್ನಬಹುದು. ಅಲ್ಲಿಗೆ ತಲುಪಲು ಸಾಮಾನ್ಯವಾಗಿ 350ರಿಂದ 400 ಗಂಟೆಗಳ ಬೋಧನೆ ಬೇಕೆಂದು ಅಂದಾಜು. ವಾರಕ್ಕೆ ನಾಲ್ಕು ಗಂಟೆಗಳ ಸಂಜೆ ತರಗತಿಗೆ ಹೋಗುವ ಉದ್ಯೋಗಸ್ಥನಿಗೆ ಇದು ಎರಡು ವರ್ಷಗಳಷ್ಟು ಕಾಲ. ಅನೇಕರು ನಿಲ್ಲುವುದು ಈ ಹೊಸ್ತಿಲಿನ ಬಳಿಯಲ್ಲೇ. ಅದಕ್ಕೆ ಕಾರಣ ಆಲಸ್ಯವೊಂದೇ ಅಲ್ಲ. ಮೊದಲ ಹಂತದ ಬಿಡಿವಾಕ್ಯಗಳು ಮುಗಿದು ಇಲ್ಲಿ ಸಂಕೀರ್ಣ ವಾಕ್ಯಗಳು ತೊಡಗುತ್ತವೆ. ಕನ್ನಡಕ್ಕೂ ಫ್ರೆಂಚಿಗೂ ನಿಜವಾದ ದೂರವಿರುವುದು ಇಲ್ಲೇ. ‘ನನಗೆ ಬೇಕಾದ ಪುಸ್ತಕ’ ಎಂದು ಕನ್ನಡ ಕೃದಂತದಿಂದ ಮುಗಿಸುವಲ್ಲಿ ಫ್ರೆಂಚ್ ಭಾಷೆಯು ‘ಪುಸ್ತಕ’ವನ್ನು ಮೊದಲು ಹೇಳಿ, ‘ದೋಂ’ ಎಂಬ ಸಂಬಂಧವಾಚಿಯನ್ನಿಟ್ಟು, ಬಳಿಕ ವಿವರಣೆಯನ್ನು ತೊಡಿಸುತ್ತದೆ. ಕನ್ನಡದಲ್ಲಿ ‘ಬರುತ್ತೇನೆ ಎಂದು ಹೇಳಿದ’ ಎಂದರೆ ಆಡಿದವನ ಮಾತು ಹಾಗೆಯೇ ಉಳಿಯುತ್ತದೆ. ಫ್ರೆಂಚಿನಲ್ಲಿ ಪುರುಷವೂ ಕಾಲವೂ ಬದಲಾಗಿ ‘ಕೀಲ್ ವ್ಯಾಂದ್ರೆ’ ಆಗಬೇಕು. ‘ಎಂದು’ ಎಂಬ ಅವ್ಯಯ ಎಷ್ಟು ದೊಡ್ಡ ಅನುಕೂಲವೆಂಬುದು ಅದಿಲ್ಲದ ಭಾಷೆಯನ್ನು ಕಲಿಯುವಾಗಲೇ ತಿಳಿಯುವುದು. ಇಂಗ್ಲಿಷರು ಹೆದರುವ ‘ಸ್ಯುಬ್‌ಝೋಂಕ್ತೀಫ್’ ಎಂಬ ಕ್ರಿಯಾರೂಪವಾದರೋ ಅಷ್ಟು ಭಯಂಕರವಲ್ಲ. ‘ಅವನು ಬರಲಿ’ ಎಂಬಲ್ಲಿನ ವಿಧ್ಯರ್ಥವನ್ನು ಹಿಡಿದುಕೊಂಡರೆ ಅದರ ಒಂದು ಮುಖವಾದರೂ ಪರಿಚಿತವಾಗುತ್ತದೆ.

ಆಡುಮಾತು ಇನ್ನೊಂದು ಅಡ್ಡಿ. ‘ನನಗೆ ಗೊತ್ತಿಲ್ಲ’ ಎಂಬರ್ಥದ, ಪುಸ್ತಕದಲ್ಲಿ ನಾಲ್ಕು ಪದಗಳಾಗಿರುವ ‘ಝೆ ನೆ ಸೇ ಪಾ’ ಬೀದಿಯಲ್ಲಿ ‘ಶೇ ಪಾ’ ಎಂದು ಕುಗ್ಗುತ್ತದೆ. ‘ಮಾಡುತ್ತಿದ್ದೇನೆ’ ಎಂದು ಬರೆದು ‘ಮಾಡ್ತಿದೀನಿ’ ಎನ್ನುವ ಕನ್ನಡಿಗನಿಗೆ ಇದು ಅಪರೂಪವಲ್ಲ. ಆದರೆ ತರಗತಿಯಲ್ಲಿ ಎರಡನೆಯದನ್ನು ಕಲಿಸುವವರು ಕಡಿಮೆ. ಬರಹವನ್ನು ಓದಬಲ್ಲ, ಮಾತನ್ನು ತಿಳಿಯಲಾರದ ಕಲಿಕೆ ನಮ್ಮಲ್ಲಿ ಸಾಮಾನ್ಯ.

ಫ್ರೆಂಚ್ ಸಾಹಿತ್ಯ ಕನ್ನಡಕ್ಕೆ ಹೆಚ್ಚಾಗಿ ಬಂದದ್ದು ಇಂಗ್ಲಿಷಿನ ಮೂಲಕವೇ. ಮೂಲದಿಂದ ನೇರವಾಗಿ ಅನುವಾದಿಸಬಲ್ಲವರು ಬೇಕೆಂದರೆ ಕನ್ನಡದಲ್ಲೇ ವಿವರಿಸಿದ ಫ್ರೆಂಚ್ ವ್ಯಾಕರಣವೊಂದು, ಕಾಗುಣಿತದ ಜೊತೆಗೆ ಕನ್ನಡ ಲಿಪಿಯಲ್ಲಿ ಉಚ್ಚಾರಣೆ ನೀಡುವ ಶಬ್ದಕೋಶವೊಂದು ಬೇಕು. ಹೊರನಾಡಿನ ಕನ್ನಡ ವಿಭಾಗಗಳು ವಿದೇಶೀ ಭಾಷೆಗಳ ವಿಭಾಗಗಳ ನೆರೆಯಲ್ಲೇ ಇರುವುದರಿಂದ ಈ ಕೆಲಸಕ್ಕೆ ಹೆಚ್ಚು ಅನುಕೂಲ ಹೊಂದಿವೆ.

ವಯಸ್ಕ ಕಲಿಕೆಯ ಮಾತು ಬಂದಾಗ ಹಂಗೇರಿಯ ಲೇಖಕಿ ಆಗೋತಾ ಕ್ರಿಸ್ತೋಫ್‌ಳನ್ನು ಕಡೆಗಣಿಸುವಂತಿಲ್ಲ. 1956ರ ದಂಗೆಯ ಬಳಿಕ ಗಂಡ ಮತ್ತು ಎಳೆಯ ಮಗುವಿನೊಡನೆ ದೇಶ ಬಿಟ್ಟು ಸ್ವಿಟ್ಜರ್ಲೆಂಡಿನ ನ್ಯೂಶಾತೆಲ್ ಪ್ರದೇಶಕ್ಕೆ ಬಂದಾಗ ಅವಳಿಗೆ ಇಪ್ಪತ್ತೊಂದು ವರ್ಷ, ಫ್ರೆಂಚ್ ಬಾರದು. ಗಡಿಯಾರದ ಕಾರ್ಖಾನೆಯ ಗದ್ದಲದಲ್ಲಿ ಕಿವಿಯಿಂದ ಭಾಷೆ ಕಲಿತಳು. ಐದು ವರ್ಷಗಳ ಬಳಿಕ ಮಾತಾಡಬಲ್ಲವಳಾಗಿದ್ದರೂ ಓದಲಾರದವಳಾಗಿದ್ದಳು. ಬಾಲ್ಯದಿಂದಲೂ ಓದಿನ ಹುಚ್ಚಿದ್ದವಳು ಮತ್ತೆ ಅನಕ್ಷರಸ್ಥೆಯಾದಳು. ವಿಶ್ವವಿದ್ಯಾಲಯದ ಬೇಸಿಗೆ ತರಗತಿಗೆ ಸೇರಿ ಅಕ್ಷರಗಳನ್ನು ಹೊಸದಾಗಿ ಕಲಿತಳು. ನಮ್ಮ ಸಂಜೆ ತರಗತಿಗಳ ವಿದ್ಯಾರ್ಥಿ ನಡೆಯುವ ದಾರಿಗೆ ಇದು ಸರಿಯಾಗಿ ತಿರುಗುಮುರುಗು. 1986ರಲ್ಲಿ ಪ್ರಕಟವಾದ ಅವಳ ಮೊದಲ ಕಾದಂಬರಿಯ ವಾಕ್ಯಗಳು ಚಿಕ್ಕವು, ಬರಿಯವು. ಅದರ ಅವಳಿ ಮಕ್ಕಳು ಕಂಡದ್ದನ್ನಷ್ಟೇ ಬರೆಯಬೇಕು, ಭಾವನೆಯ ಶಬ್ದಗಳನ್ನು ಬಳಸಬಾರದು ಎಂಬ ನಿಯಮ ಮಾಡಿಕೊಳ್ಳುತ್ತಾರೆ. ಹಲವು ಭಾಷೆಗಳಿಗೆ ಅನುವಾದವಾದ ಆ ಕೃತಿಯ ಲೇಖಕಿ ಫ್ರೆಂಚನ್ನು ತನ್ನ ತಾಯ್ನುಡಿಯನ್ನು ಕೊಲ್ಲುತ್ತಿರುವ ಶತ್ರುಭಾಷೆಯೆಂದೂ ಕರೆದಳು. ಮಕ್ಕಳ ಬಾಯಲ್ಲಿ ಕನ್ನಡ ತೆಳುವಾಗುವುದನ್ನು ಕಂಡ ಹೊರನಾಡ ತಾಯಂದಿರಿಗೆ ಆ ಮಾತಿನ ಅರ್ಥ ತಿಳಿಯದಿರದು. ಮೂವತ್ತಕ್ಕೂ ಹೆಚ್ಚು ವರ್ಷ ಆ ಭಾಷೆಯನ್ನು ಆಡಿ, ಇಪ್ಪತ್ತು ವರ್ಷ ಅದರಲ್ಲಿ ಬರೆದ ಮೇಲೂ ತಾನು ತಪ್ಪಿಲ್ಲದೆ ಮಾತಾಡಲಾರೆನೆಂದೂ, ಬರೆಯುವಾಗ ಪದೇ ಪದೇ ಶಬ್ದಕೋಶವನ್ನು ತೆರೆಯಬೇಕಾಗುತ್ತದೆಂದೂ ಅವಳು ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾಳೆ.