ಕೂಸಿನ ಅಲಕ್ಷ್ಯಕ್ಕೆ ಮನೆಯೊಳಗಿನ ಕಾರಣಗಳು

ಮಕ್ಕಳನ್ನು ಬಡಿಯುವದು ಬೇರೆ, ಅವರ ಪರಾಮರಿಕೆಯನ್ನು ಬಿಡುವದು ಬೇರೆ. ಬಾಸುಂಡೆಯು ಮೈಮೇಲೆ ಕಾಣುವದು. ಅನ್ನ, ಔಷಧ, ಕಾವಲು, ಪಾಠ ಇವುಗಳ ಕೊರತೆಯೋ ಬಹುಕಾಲ ಕಾಣದೆ ಇರುವದು. ಈ ಎರಡನೆಯದನ್ನೇ ನಾವು ಈಗ ವಿಚಾರಿಸೋಣ.

ಏಕಸಂಬಿಯ ಸುತ್ತಲಿನ ಕಬ್ಬಿನ ಸೀಮೆಯನ್ನು ನೋಡಿರಿ. ದೀಪಾವಳಿಯ ಸುಮಾರಿಗೆ ಕಾರಖಾನೆಗಳು ಕಬ್ಬು ಅರೆಯಲಾರಂಭಿಸುತ್ತಲೇ ಮರಾಠವಾಡೆಯ ಬೀಡ್ ಮುಂತಾದ ಒಣಸೀಮೆಗಳಿಂದ ಕಬ್ಬು ಕಡಿಯುವವರು ಬಂದು ಹೊಲಗಳ ಬದಿಯಲ್ಲಿ ಗುಡಿಸಲು ಹಾಕುವರು. ಮುಕಾದಮನು ಗಂಡಹೆಂಡಿರಿಬ್ಬರನ್ನೂ ಕೂಡಿಸಿ ಒಂದೇ ಕೊಯ್ತಾ ಎಂದು ಎಣಿಸಿ ಮುಂಗಡ ಕೊಟ್ಟಿರುವನು. ಕೂಲಿಯು ದಿನದ ಲೆಕ್ಕದಿಂದಲ್ಲ, ಟನ್ನಿನ ಲೆಕ್ಕದಿಂದ. ಆದಕಾರಣ ತಾಯಿಯು ಮನೆಯಲ್ಲಿ ಕೂತರೆ ಸಾಲ ತೀರದು. ನಸುಕಿನಲ್ಲಿ ಅವಳು ಹೊರಡುವಾಗ ಎಳೆಗೂಸು ಎಂಟು ವರುಷದ ಅಕ್ಕನ ಕಂಕುಳಿಗೆ ಬರುವದು. ಕೂಸಿಗೆ ಮೊಲೆಹಾಲು ತಪ್ಪಿತು, ಅಕ್ಕನಿಗೆ ಶಾಲೆ ತಪ್ಪಿತು. ಊರಲ್ಲಿದ್ದರೆ ಅಜ್ಜಿ ನೋಡುತ್ತಿದ್ದಳು. ಗುಡಿಸಲಲ್ಲಿ ಅಜ್ಜಿ ಎಲ್ಲಿ?

ಆ ತಾಯಿಗೆ ಪ್ರೀತಿ ಕಡಿಮೆಯೆನ್ನುವದು ಅನ್ಯಾಯ. ಬಡತನವೊಂದೇ ಕಾರಣವೆಂದರೂ ಸಾಲದು, ಯಾಕಂದರೆ ಅಷ್ಟೇ ಕೂಲಿಯುಳ್ಳ ಪಕ್ಕದ ಗುಡಿಸಲಿನವರ ಮಕ್ಕಳು ಎಣ್ಣೆನೀರು ಕಂಡಿರಬಹುದು. ಖರ್ಚಿಗೆ ಸಿಕ್ಕ ಹಣವು ಸೆರೆಯಂಗಡಿಗೆ ಹೋಗುವ ಮನೆ. ತಾನೇ ಹುಡುಗಿಯಾಗಿರುವಾಗ ಮದುವೆಯಾಗಿ, ಒಂದರ ಬೆನ್ನಿಗೊಂದು ಹೆತ್ತು, ರಕ್ತಹೀನಳಾದ ತಾಯಿಯ ಮನೆ. ಜಗಳದಿಂದ ನೆಂಟರನ್ನು ಕಳಕೊಂಡ ಮನೆ, ಇಂಥವುಗಳಲ್ಲಿ ಅಲಕ್ಷ್ಯವು ಬೇಗ ಬೇರೂರುವದು. ಕುಡಿತವೇ ಎಲ್ಲಕ್ಕೂ ಮೂಲವೆಂದು ಹಲವರು ಹೇಳುವರು. ನಮಗಾದರೋ ತಾಯಿಯ ಬಳಲಿಕೆಯೂ ಹೆರಿಗೆಯ ನಂತರದ ಮನೋವ್ಯಥೆಯೂ ಅದಕ್ಕೆ ಕಡಿಮೆಯಲ್ಲವೆಂದು ತೋರುತ್ತದೆ; ಅವನ್ನು ರೋಗವೆಂದು ಎಣಿಸುವವರೇ ವಿರಳ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರು ಮನೆಯಲ್ಲೇ ಇರುವರು, ನಿಜ. ಆದರೂ ಸಾವಿರದ ಲೆಕ್ಕ ಮುಗಿಯುವ ತನಕ ಕೂಸು ತಂಬಾಕಿನ ಧೂಳಿನಲ್ಲೇ ಹರಿದಾಡುವದು.

2015ನೇ ಇಸವಿಯ ಬಾಲನ್ಯಾಯ ಕಾಯಿದೆಯ 75ನೇ ಕಲಮು ಮಕ್ಕಳನ್ನು ಬೇಕೆಂದು ಅಲಕ್ಷಿಸುವವರಿಗೆ ಶಿಕ್ಷೆಯನ್ನಿಟ್ಟಿದೆ. ಹೆತ್ತವರು ತಮ್ಮ ಕೈಮೀರಿದ ಸಂಗತಿಯಿಂದ ಕೂಸನ್ನು ತೊರೆದಿದ್ದರೆ ಮಾತ್ರ ಅದು ಬುದ್ಧಿಪೂರ್ವಕವಲ್ಲವೆಂದು ಎಣಿಸಿ ಅವರನ್ನು ಶಿಕ್ಷೆಯಿಂದ ಬಿಡುವದು. ಕಾಯಿದೆಗಿರುವ ಈ ವಿವೇಚನೆಯು ನೆರೆಯವರ ನಾಲಿಗೆಗೆ ಇಲ್ಲದಿರುವದು ಆಶ್ಚರ್ಯ.

ಗುಡಿಸಲು ಬಿದ್ದ ವಾರದಲ್ಲೇ ಹೋಗಿ ಮಕ್ಕಳನ್ನೆಣಿಸಿ ಅಂಗನವಾಡಿಯ ಕಾರ್ಯಕರ್ತೆಗೂ ಶಾಲೆಯ ಗುರುಗಳಿಗೂ ತಿಳಿಸಿರಿ. ಅಪಾಯ ಕಂಡರೆ 1098ಕ್ಕೆ ಕರೆ ಮಾಡಿರಿ. ತಡಮಾಡಬಾರದು. ಕಬ್ಬು ಮುಗಿದು ಅವರು ತಿರುಗಿ ಹೋಗುವಷ್ಟರಲ್ಲಿ ಮಾರ್ಚಿ ಏಪ್ರಿಲ್ ಬಂದು, ಆ ಅಕ್ಕನ ಶಾಲೆಯ ವರುಷವೇ ಕಳೆದಿರುವದು.