ವಿಮಾನಶಿಕ್ಷಣವೂ ಶಿಕ್ಷಣವಿಮಾನವೂ

‘ವಿಮಾನ’ ಶಬ್ದದ ಮೂಲದಲ್ಲಿರುವುದು ಅಳತೆ ಎಂಬರ್ಥದ ‘ಮಾ’ ಧಾತು. ವಿಶೇಷವಾಗಿ ಅಳೆದು ನಿರ್ಮಿಸಿದುದೇ ವಿಮಾನ. ಗರ್ಭಗೃಹದ ಮೇಲಣ ಕಟ್ಟಡಕ್ಕೂ ಈ ಹೆಸರು ಸಂದಿರುವುದು ಇದರಿಂದಲೇ. ಹಾರುವ ಯಂತ್ರದಲ್ಲಿ ಈ ಅರ್ಥವು ಇನ್ನಷ್ಟು ಸಾರ್ಥಕವಾಗಿದೆ. ಅಲ್ಲಿ ಅಳತೆ ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಶಿಕ್ಷಣವಿಮಾನವು ಪ್ರಯಾಣಿಕರ ವಿಮಾನದ ಮರಿಯಲ್ಲ. ಅದರ ರಚನೆಯೇ ಬೇರೆ. ಅದರಲ್ಲಿ ಗುರುವಿಗೊಂದು, ಶಿಷ್ಯನಿಗೊಂದು ಆಸನ. ಇಬ್ಬರ ಮುಂದೆಯೂ ಚಾಲನದಂಡ, ಪಾದಗಳ ಬಳಿ ಪೆಡಲುಗಳು. ಇವೆಲ್ಲವೂ ಪರಸ್ಪರ ಕೂಡಿಕೊಂಡಿರುವುದರಿಂದ ಗುರುವಿನ ಕೈ ಅಲುಗಿದಂತೆ ಶಿಷ್ಯನ ದಂಡವೂ ಅಲುಗುತ್ತದೆ. ಮಾತಿಗೆ ನಿಲುಕದ ಸೂಕ್ಷ್ಮವನ್ನು ಅಂಗೈಯೇ ಅರಿತುಕೊಳ್ಳುತ್ತದೆ.

ಇಂತಹ ವಿಮಾನವೊಂದನ್ನು ನಮ್ಮ ನಾಡಿನಲ್ಲಿಯೇ ರೂಪಿಸಿದವರಲ್ಲಿ ಡಾ. ವಿ. ಎಂ. ಘಾಟಗೆಯವರು ಅಗ್ರಗಣ್ಯರು. ಜರ್ಮನಿಯ ಗಾಟಿಂಗೆನ್ನಿನಲ್ಲಿ ಪ್ರಾಂಟಲ್ ಅವರ ಶಿಷ್ಯರಾಗಿದ್ದ ಇವರು, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ವೈಮಾನಿಕ ವಿಭಾಗದಲ್ಲಿ ಬೋಧಿಸಿದರು. ಅವರ ನೇತೃತ್ವದಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ನಿರ್ಮಿಸಿದ ಎಚ್‌ಟಿ-2 ವಿಮಾನವು 1951ರ ಆಗಸ್ಟಿನಲ್ಲಿ ಮೊದಲ ಬಾರಿ ಹಾರಿತು. ಬಸವಕಲ್ಯಾಣವಿರುವ ಬೀದರ ಜಿಲ್ಲೆಯಲ್ಲಿ ವಾಯುಪಡೆಯ ಎಳೆಯರು ಮೊದಲ ಪಾಠ ಕಲಿತದ್ದು ಇದರಲ್ಲಿಯೇ. ಆ ಬಳಿಕ 1958ರಲ್ಲಿ ಹಾರಿದ ‘ಪುಷ್ಪಕ’ವು ಹಾರಾಟ ಕ್ಲಬ್ಬುಗಳ ವಿಮಾನ. ಅದರ ರೆಕ್ಕೆಗಳಿಗೆ ಬಿಗಿದದ್ದು ಬಟ್ಟೆ! ಆ ಬಟ್ಟೆಗೆ ಲೇಪ ಕೊಟ್ಟರೆ ಅದು ಒಣಗುತ್ತ ಬಿಗಿದುಕೊಂಡು, ಗಾಳಿಯನ್ನು ಒಳಗೆ ಬಿಡದಂತಾಗುತ್ತದೆ. ಹಾಸಿನ ನೂಲಿಗೆ ಗಂಜಿ ಹಿಡಿಸಬಲ್ಲ ರಬಕವಿ-ಬನಹಟ್ಟಿಯ ನೇಕಾರರಿಗೆ ಇದು ಅಪರಿಚಿತ ವಿದ್ಯೆಯೇನಲ್ಲ.

ಇನ್ನು ಪಾಠದ ವಿಷಯ. ವಿಮಾನವು ಇಳಿಯತೊಡಗಿದಾಗ ಹೊಸಬನು ಹೆದರಿ ದಂಡವನ್ನು ತನ್ನೆಡೆಗೆ ಎಳೆಯುತ್ತಾನೆ, ಮೂಗು ಮೇಲೇರುತ್ತದೆ. ರೆಕ್ಕೆಯು ಎದುರುಗಾಳಿಗೆ ಒಡ್ಡಿದ ಕೋನವು ಸುಮಾರು 15 ಅಂಶಗಳನ್ನು ಮೀರಿತೆಂದರೆ, ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಅಲ್ಲಿಂದ ಕಿತ್ತುಕೊಂಡು ಸುಳಿಸುಳಿಯಾಗುತ್ತದೆ. ಎತ್ತಿಹಿಡಿಯುವ ಬಲ ಥಟ್ಟನೆ ಕುಂದುತ್ತದೆ. ಇದಕ್ಕೆ ‘ಸ್ಟಾಲ್’ ಎನ್ನುತ್ತಾರೆ. ಎಂಜಿನು ನಿಂತಿತೆಂದು ಇದರ ಅರ್ಥವಲ್ಲ. ನಿಂತದ್ದು ರೆಕ್ಕೆಯ ಕೆಲಸ. ಆಗ ಮಾಡಬೇಕಾದುದು ಭಯಕ್ಕೆ ತೀರ ವಿರುದ್ಧವಾದುದು: ಬೀಳುತ್ತಿರುವ ವಿಮಾನದ ಮೂಗನ್ನು ಇನ್ನೂ ಕೆಳಗೆ ಬಾಗಿಸಬೇಕು. ಕೋನ ತಗ್ಗಿ ಗಾಳಿ ಮತ್ತೆ ರೆಕ್ಕೆಯನ್ನು ಹಿಡಿಯುತ್ತದೆ, ವೇಗ ಕೂಡುತ್ತದೆ. ಆಗ ಮೆಲ್ಲನೆ ಮೇಲೆತ್ತಬೇಕು. ಪುಸ್ತಕದಲ್ಲಿ ಇದು ಒಂದು ವಾಕ್ಯ. ಕೈಗೆ ಅದು ಅಭ್ಯಾಸವಾಗಲು ಸಾಕಷ್ಟು ಎತ್ತರದಲ್ಲಿ, ಗುರುವಿನ ಸಮಕ್ಷಮದಲ್ಲಿ, ಬೇಕೆಂದೇ ತಪ್ಪುಮಾಡಿ ತಿದ್ದಿಕೊಳ್ಳುವುದೊಂದೇ ದಾರಿ.

ಶಿಷ್ಯನ ತಪ್ಪನ್ನು ತಾಳಿಕೊಳ್ಳಬೇಕಾದ ಯಂತ್ರದಲ್ಲಿಯೇ ದೋಷವಿದ್ದರೆ ಗತಿಯೇನು? ‘ದೀಪಕ್’ ಎಂಬ ಶಿಕ್ಷಣವಿಮಾನದ ಎಂಜಿನು ಹಾರಾಟದ ನಡುವೆ ನಿಲ್ಲುತ್ತಿದ್ದುದು ಹಳೆಯ ತೊಂದರೆ. 2009ರ ಅಪಘಾತವೊಂದರಲ್ಲಿ ಇಬ್ಬರು ಬೋಧಕರೇ ಮಡಿದ ಮೇಲೆ ವಾಯುಪಡೆಯು ಅದರ ಹಾರಾಟವನ್ನು ನಿಲ್ಲಿಸಿತು. 2013ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನಗಳು ಬಂದವು. ಆ ನಿರ್ಧಾರವು ಇನ್ನೂ ಮೊದಲೇ ಆಗಬೇಕಿತ್ತು.

ಜಮಖಂಡಿ, ಮುಧೋಳ, ಬೀಳಗಿಗಳ ಬಾಲಕ-ಬಾಲಿಕೆಯರಲ್ಲಿ ಯಾರಿಗಾದರೂ ಈ ವಿದ್ಯೆಯ ಹಂಬಲವಿದ್ದರೆ, ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ಹಾರಾಟ ಶಾಲೆಯಿದೆ. ವೆಚ್ಚವು ಬಡವರ ಕೈಗೆ ಎಟುಕುವಂತಹುದಲ್ಲ, ಇದನ್ನು ಮುಚ್ಚಿಡಬೇಕಾಗಿಲ್ಲ. ವೃತ್ತಿಪರ ಚಾಲಕನ ಪರವಾನಗಿಗೆ 18 ವರ್ಷ ತುಂಬಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆಗಳನ್ನು ವಿಮಾನದ ಸಂಪೂರ್ಣ ಹೊಣೆಯನ್ನು ತಾನೇ ಹೊತ್ತು ಹಾರಿರಬೇಕು.