ಅರವತ್ತಕ್ಕೆ ಅರಳು ಮರಳೇ? ಮರೆವಿನ ಮೊದಲ ಹಂತದಲ್ಲಿ ಹಿರಿಯರ ಮನೋಬಲ

‘ಅರವತ್ತಕ್ಕೆ ಅರಳು ಮರಳು’ ಎಂಬುದು ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ಗಾದೆ. ಹಿರಿಯರು ಹೇಳಿದ್ದನ್ನೇ ಮತ್ತೆ ಹೇಳಿದಾಗ, ಕನ್ನಡಕವನ್ನು ಎಲ್ಲಿಯೋ ಇಟ್ಟು ಹುಡುಕಿದಾಗ, ಪರಿಚಿತರ ಹೆಸರಿಗಾಗಿ ತಡವರಿಸಿದಾಗ ಈ ಮಾತನ್ನು ಆಡಿ ನಕ್ಕು ಸುಮ್ಮನಾಗುತ್ತೇವೆ. ಕೆಲವೇ ದಿನಗಳಲ್ಲಿ ಹಾಲಿನ ಲೆಕ್ಕ ಮಗನ ಕೈಗೂ ಅಡಿಗೆಯ ಒಗ್ಗರಣೆ ಸೊಸೆಯ ಕೈಗೂ ಹೋಗುತ್ತವೆ. ‘ನೀವು ಆರಾಮಾಗಿ ಕೂತಿರ್ರಿ, ಅಪ್ಪಾಜಿ’ ಎಂದು ಮಕ್ಕಳು ಅನ್ನುವುದು ಪ್ರೀತಿಯಿಂದಲೇ. ಆದರೆ ಕೈಯೊಳಗಿನ ಕೆಲಸಗಳೆಲ್ಲ ಒಂದೊಂದಾಗಿ ಜಾರಿದಂತೆ, ‘ನನ್ನಿಂದ ಇನ್ನೇನೂ ಆಗದು’ ಎಂಬ ಭಾವ ಹಿರಿಯರಲ್ಲಿ ಬೇರೂರುತ್ತದೆ. ಅನೇಕ ವೇಳೆ ಮರೆವಿಗಿಂತ ಈ ಭಾವವೇ ಹೆಚ್ಚು ಹಾನಿಯನ್ನುಂಟುಮಾಡುತ್ತದೆ.

ಈ ಹಂತದ ಸ್ವರೂಪ

ವಯೋಸಹಜ ಮರೆವಿಗೂ ಡಿಮೆನ್ಷಿಯಾ ಎಂಬ ಕಾಯಿಲೆಗೂ ನಡುವೆ ಒಂದು ಹಂತವಿದೆ. ವೈದ್ಯರು ಇದನ್ನು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಅಂದರೆ ಅರಿವಿನ ಸೌಮ್ಯ ಕುಸಿತ ಎನ್ನುತ್ತಾರೆ. ಇಲ್ಲಿ ನೆನಪು ವಯಸ್ಸಿಗೆ ಸಹಜವಾದುದಕ್ಕಿಂತ ಹೆಚ್ಚು ಕುಂದಿರುತ್ತದೆ. ಆದರೆ ಸ್ನಾನ, ಊಟ, ವ್ಯವಹಾರ ಮೊದಲಾದ ನಿತ್ಯದ ಬದುಕು ಬಹುಮಟ್ಟಿಗೆ ಸ್ವತಂತ್ರವಾಗಿಯೇ ನಡೆಯುತ್ತದೆ. ಈ ಹಂತವನ್ನು ಮುಟ್ಟಿದವರಿಗೆಲ್ಲ ಡಿಮೆನ್ಷಿಯಾ ಬಂದೇ ತೀರುತ್ತದೆಂಬ ನಿಯಮವಿಲ್ಲ. ಕೆಲವರಲ್ಲಿ ಅದು ಮುಂದುವರಿಯುತ್ತದೆ, ಕೆಲವರಲ್ಲಿ ಹಾಗೆಯೇ ನಿಲ್ಲುತ್ತದೆ, ಇನ್ನು ಕೆಲವರು ಮೊದಲಿನ ಸ್ಥಿತಿಗೆ ಮರಳುತ್ತಾರೆ.

ಆದ್ದರಿಂದ ಮೊದಲ ಹೆಜ್ಜೆ ವೈದ್ಯಕೀಯ ತಪಾಸಣೆ. ಥೈರಾಯ್ಡ್ ಕೊರತೆ, ಮಂದವಾದ ಕಿವಿ, ಖಿನ್ನತೆ, ನಿದ್ರೆಯ ತೊಂದರೆ, ಕೆಲವು ಮಾತ್ರೆಗಳ ಪರಿಣಾಮ ಇವೆಲ್ಲವೂ ಮರೆವಿನ ರೂಪದಲ್ಲಿ ತೋರಬಹುದು. ಸಸ್ಯಾಹಾರಿಗಳು ವಿಟಮಿನ್ ಬಿ12 ಕಡೆಗೆ ವಿಶೇಷ ಗಮನ ಕೊಡಬೇಕು. ಇದು ಕಾಳು, ಸೊಪ್ಪು, ತರಕಾರಿಗಳಲ್ಲಿ ಇರುವುದಿಲ್ಲ. ಹಾಲು ಮೊಸರುಗಳಿಂದಷ್ಟೇ ಸ್ವಲ್ಪ ದೊರೆಯುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸುವವರಲ್ಲಿಯೂ ಇದರ ಕೊರತೆ ಕಂಡುಬರುತ್ತದೆ. ಒಂದು ಸರಳ ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು, ಸಕಾಲದಲ್ಲಿ ಸರಿಪಡಿಸಬಹುದು.

ಉಳಿದಿರುವ ಶಕ್ತಿಯ ಕಡೆಗೆ ನೋಟ

ಮನೋವಿಜ್ಞಾನವು ಬಹುಕಾಲ ಮನಸ್ಸಿನ ಕಾಯಿಲೆಗಳನ್ನೇ ಹೆಚ್ಚಾಗಿ ಅಭ್ಯಸಿಸಿತು. 1998ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್ಮನ್, ಮನುಷ್ಯನ ಶಕ್ತಿ, ಸಂತೋಷ, ಬಾಳಿನ ಅರ್ಥ ಇವುಗಳನ್ನೂ ಶಾಸ್ತ್ರೀಯವಾಗಿ ಅಭ್ಯಸಿಸಬೇಕೆಂದು ಕರೆಕೊಟ್ಟರು. ಹೀಗೆ ಬೆಳೆದ ಶಾಖೆಯೇ ಸಕಾರಾತ್ಮಕ ಮನೋವಿಜ್ಞಾನ. ಇದು ಕಷ್ಟವನ್ನು ಅಲ್ಲಗಳೆಯುವುದಿಲ್ಲ, ಬಲವಂತದ ನಗುವನ್ನೂ ಬೋಧಿಸುವುದಿಲ್ಲ. ಕುಂದಿದುದರ ಜೊತೆಗೆ ಇನ್ನೂ ಉಳಿದಿರುವುದು ಏನೆಂದು ಕೇಳುತ್ತದೆ.

ಈ ಪ್ರಶ್ನೆಗೆ ಬೆಲೆಯಿದೆಯೆಂದು ಸಂಶೋಧನೆಗಳು ಸೂಚಿಸುತ್ತವೆ. ಅಮೆರಿಕದ ಷಿಕಾಗೋದಲ್ಲಿ 900ಕ್ಕೂ ಹೆಚ್ಚು ಹಿರಿಯರನ್ನು ಅಭ್ಯಸಿಸಿ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬದುಕಿಗೆ ಒಂದು ಗುರಿಯಿದೆಯೆಂದು ಬಲವಾಗಿ ನಂಬಿದವರು ಆಲ್ಝೈಮರ್ ಕಾಯಿಲೆಯಿಂದ ದೂರವಿರುವ ಸಂಭವ ಅಂಥ ನಂಬಿಕೆ ತೀರ ಕಡಿಮೆಯಿದ್ದವರಿಗಿಂತ ಸುಮಾರು 2.4 ಪಟ್ಟು ಹೆಚ್ಚಾಗಿತ್ತು. ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ಅವರು 2023ರಲ್ಲಿ ಪ್ರಕಟಿಸಿದ ಅಧ್ಯಯನವು ನಮ್ಮ ಗಾದೆಗೇ ಉತ್ತರ ಕೊಟ್ಟಂತಿದೆ: ಅರಿವಿನ ಸೌಮ್ಯ ಕುಸಿತವಿದ್ದ ಹಿರಿಯರಲ್ಲಿ, ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆಯಿದ್ದವರು ಸಹಜ ಸ್ಥಿತಿಗೆ ಮರಳುವ ಸಂಭವ ಕೀಳು ಭಾವನೆಯಿದ್ದವರಿಗಿಂತ ಸುಮಾರು ಶೇ. 30ರಷ್ಟು ಹೆಚ್ಚಾಗಿತ್ತು. ಒಳ್ಳೆಯ ಭಾವನೆಯೇ ಔಷಧಿಯೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಹಿರಿಯರ ಎದುರು ಆಡುವ ಮಾತಿನ ಬಗ್ಗೆ ಎಚ್ಚರ ವಹಿಸಲು ಇಷ್ಟು ಸಾಕು.

ಮನೆಯಲ್ಲಿ ಮಾಡಬಹುದಾದ ಅಭ್ಯಾಸಗಳು

1. ಒಂದು ಹೊಣೆಯನ್ನು ಅವರಲ್ಲಿಯೇ ಉಳಿಸಿರಿ. ಗಿಡಗಳಿಗೆ ನೀರು, ಅವರೆಕಾಯಿ ಬಿಡಿಸುವುದು, ಹೂ ಕಟ್ಟುವುದು, ಮೊಮ್ಮಗುವಿಗೆ ಮಗ್ಗಿ ಹೇಳಿಕೊಡುವುದು, ಹೀಗೆ ಯಾವುದಾದರೂ ಸರಿ. ಬಹುಕಾಲದ ರೂಢಿಯಿಂದ ಕೈಗೆ ಬಂದ ಕೌಶಲಗಳು ಹೊಸ ಸಂಗತಿಗಳ ನೆನಪಿಗಿಂತ ಹೆಚ್ಚುಕಾಲ ಉಳಿಯುತ್ತವೆ. ಹಾಲಿನ ಲೆಕ್ಕ ತಪ್ಪುತ್ತಿದ್ದರೆ ಕಸಿದುಕೊಳ್ಳಬೇಡಿರಿ. ಕ್ಯಾಲೆಂಡರಿನಲ್ಲಿ ದಿನವೂ ಗುರುತು ಹಾಕಲು ಜೊತೆಗೂಡಿರಿ.

2. ದಿನದ ಮೂರು ಒಳ್ಳೆಯ ಸಂಗತಿಗಳು. ರಾತ್ರಿ ಊಟವಾದ ಮೇಲೆ ಅಂದು ಒಳ್ಳೆಯದಾದ ಮೂರು ಸಂಗತಿಗಳನ್ನು, ಅವು ಏಕೆ ಆದವೆಂಬುದನ್ನು ಹೇಳುವುದು ಅಥವಾ ಬರೆಯುವುದು. ಸೆಲಿಗ್ಮನ್ ಮತ್ತು ಸಂಗಡಿಗರ 2005ರ ಪ್ರಯೋಗದಲ್ಲಿ ಒಂದು ವಾರದ ಈ ಅಭ್ಯಾಸದ ಸತ್ಫಲ ಆರು ತಿಂಗಳವರೆಗೆ ಕಂಡುಬಂತು. ಆ ಪ್ರಯೋಗ ಸಾಮಾನ್ಯ ವಯಸ್ಕರ ಮೇಲೆ ನಡೆದದ್ದು. ಮರೆವುಳ್ಳವರಿಗೆ ಮನೆಯವರು ಸುಳಿವು ಕೊಟ್ಟು ನೆರವಾಗಬೇಕು: ‘ಸಂಜೆ ಯಾರು ಬಂದಿದ್ದರು?’ ಎಂದು ಕೇಳುವ ಬದಲು ‘ಸಂಜೆ ತಂಗಿ ಬಂದದ್ದು ಎಷ್ಟು ಚೆನ್ನಾಗಿತ್ತಲ್ಲವೇ, ಅಮ್ಮಾ?’ ಎನ್ನುವುದು ಲೇಸು.

3. ಬಾಳಿನ ಕಥೆ. ಹೊಸ ಸಂಗತಿ ಮರೆತವರಿಗೂ ಹಳೆಯದು ಸ್ಪಷ್ಟವಾಗಿ ನೆನಪಿರುವುದುಂಟು. ಹಳೆಯ ಭಾವಚಿತ್ರಗಳನ್ನು ಮುಂದಿಟ್ಟು ವಾರಕ್ಕೊಮ್ಮೆ ಅವರ ಬಾಲ್ಯ, ಮದುವೆ, ಮೊದಲ ಸಂಬಳ, ಬರಗಾಲ, ಸುಗ್ಗಿಗಳ ಕಥೆಯನ್ನು ಕೇಳಿರಿ. ಮೊಮ್ಮಕ್ಕಳು ಅದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಮುಂದೆ ಮರೆವು ಹೆಚ್ಚಿದರೂ ಆ ಪುಸ್ತಕ ಅವರನ್ನು ಅವರಿಗೆ ಪರಿಚಯಿಸುತ್ತದೆ.

4. ಸಂಗ ತಪ್ಪದಿರಲಿ. ಹೆಸರು ಮರೆತು ಅವಮಾನವಾದೀತೆಂಬ ಅಂಜಿಕೆಯಿಂದ ಅನೇಕ ಹಿರಿಯರು ಮದುವೆ, ಜಾತ್ರೆ, ಭಜನೆಗಳಿಂದ ಹಿಂದೆ ಸರಿಯುತ್ತಾರೆ. ಜೊತೆಗಿರುವವರು ‘ಇವರು ನಿಮ್ಮ ಗೆಳೆಯರ ಮಗ’ ಎಂದು ಮೊದಲೇ ಹೇಳಿದರೆ ಆ ಅಂಜಿಕೆ ಅರ್ಧ ಕಳೆಯುತ್ತದೆ. ಶ್ರವಣಯಂತ್ರ ಬೇಕಾಗಿದ್ದರೆ ಸಂಕೋಚ ಬೇಡ. ನಿತ್ಯದ ನಡಿಗೆಯೂ ಯಾರೊಂದಿಗಾದರೂ ನಡೆದರೆ ದೇಹಕ್ಕೂ ಮನಸ್ಸಿಗೂ ಹಿತ.

5. ಪರೀಕ್ಷೆ ಬೇಡ. ‘ನಾನು ಯಾರು ಹೇಳು ನೋಡೋಣ’, ‘ಈಗ ತಾನೇ ಹೇಳಲಿಲ್ಲವೇ?’ ಎಂಬ ಪ್ರಶ್ನೆಗಳಿಂದ ನೆನಪು ಬೆಳೆಯುವುದಿಲ್ಲ, ಅಳುಕು ಬೆಳೆಯುತ್ತದೆ.

ಎಚ್ಚರಿಕೆಯ ಮಾತು

ಈ ಅಭ್ಯಾಸಗಳು ಚಿಕಿತ್ಸೆಗೆ ಪೂರಕ, ಪರ್ಯಾಯವಲ್ಲ. ಗ್ಯಾಸ್ ಒಲೆ, ವಾಹನ, ಬ್ಯಾಂಕ್ ವ್ಯವಹಾರಗಳಲ್ಲಿ ಅಪಾಯ ಕಂಡರೆ ಜಾಗ್ರತೆ ಅಗತ್ಯ; ಆಸ್ತಿ, ಚಿಕಿತ್ಸೆ ಕುರಿತ ಅವರ ಇಚ್ಛೆಯನ್ನು ತಿಳುವಳಿಕೆ ಚೆನ್ನಾಗಿರುವಾಗಲೇ ಕೇಳಿಕೊಳ್ಳಬೇಕು. ಎರಡು ವಾರಗಳಿಗೂ ಮೀರಿದ ಮಂಕು, ಊಟ ನಿದ್ರೆಗಳಲ್ಲಿ ನಿರಾಸಕ್ತಿ ಕಂಡರೆ ಅದನ್ನು ಮುಪ್ಪೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಟೆಲಿ ಮಾನಸ್ 14416 ಮತ್ತು ಹಿರಿಯರ ಸಹಾಯವಾಣಿ 14567 ಸಂಖ್ಯೆಗಳಿಗೆ ಉಚಿತವಾಗಿ ಕರೆ ಮಾಡಬಹುದು. ಆರೈಕೆ ಮಾಡುವವರಿಗೂ ವಿಶ್ರಾಂತಿ ಬೇಕು; ಆ ಹೊರೆಯನ್ನು ಸೊಸೆ ಅಥವಾ ಮಗಳೊಬ್ಬಳ ಮೇಲೆಯೇ ಬಿಡದೆ ಮನೆಯವರೆಲ್ಲ ಹಂಚಿಕೊಳ್ಳಬೇಕು.

ಅರವತ್ತನ್ನು ದಾಟಿದ್ದ ವರಕವಿ ದ.ರಾ. ಬೇಂದ್ರೆಯವರಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ತಂದ ಕೃತಿಯ ಹೆಸರು ‘ಅರಳು ಮರಳು’. ಅರಳುವುದು, ಮತ್ತೆ ಮರಳಿ ಬರುವುದು ಎಂಬ ಅರ್ಥವನ್ನೂ ಆ ಮಾತಿನಲ್ಲಿ ಕೇಳಬಹುದು. ಇಂದು ಸಂಜೆ ಮನೆಯ ಹಿರಿಯರಿಂದ ನಾವು ತೆಗೆದುಕೊಂಡ ಒಂದು ಕೆಲಸವನ್ನು ಮರಳಿ ಅವರ ಕೈಗೆ ಕೊಡೋಣ. ನಿಧಾನವಾದರೂ, ತುಸು ತಪ್ಪಾದರೂ, ಅದು ಅವರದೇ ಕೆಲಸವಾಗಿರಲಿ.